ಬಗ್ಗಿದರೆ ಕಣ್ಣು ಕತ್ತಲಾಗುತ್ತದೆ, ತಲೆಯೊಳಗಿನ ಒತ್ತಡವಂತೆ: ಕೊಡಗಿನಲ್ಲಿ ಅನುಭವ ಇರುವವರು ದಯವಿಟ್ಟು ಬರೆಯಿರಿ

ಕಾಫಿಕಣ, ಗೋಣಿಕೊಪ್ಪಲು
ಜನವರಿ 18, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಹಗಲು ಶಾಲೆಯಲ್ಲಿ ಪಾಠ, ಸಂಜೆ ಮನೆಯ ಕಣದಲ್ಲಿ ಕಾಫಿ ಎಳೆಯುವುದು, ರಾಶಿ ಮಾಡುವುದು. ನವೆಂಬರ್‌ನಲ್ಲಿ ತಲೆನೋವು ಶುರುವಾಯಿತು. ಬೆಳಗಿನ ಮಂಜಿಗೆ ಸೈನಸ್ ಎಂದರು, ಆವಿ ತೆಗೆದುಕೊಂಡೆ. ಆಮೇಲೆ ಮೈಗ್ರೇನ್ ಎಂದರು, ಮಾತ್ರೆ ನುಂಗಿದೆ. ಎರಡು ತಿಂಗಳಲ್ಲಿ ಎರಡು ಸಲ ಕನ್ನಡಕ ಬದಲಾಯಿತು. ಪ್ರತಿ ಸಲವೂ ಫಲಕದ ಕೊನೆಯ ಸಾಲನ್ನು ಸರಿಯಾಗಿ ಓದಿದೆ, ಹಾಗಾಗಿ ಕಣ್ಣಿನಲ್ಲಿ ತೊಂದರೆ ಇಲ್ಲ ಎಂದು ಕಳುಹಿಸಿದರು.

ಡಿಸೆಂಬರ್‌ನಲ್ಲಿ ಕಣದಲ್ಲಿ ಬಗ್ಗಿ ಏಳುವಾಗ ಕಣ್ಣು ಕತ್ತಲಾಗತೊಡಗಿತು. ತಲೆ ತಿರುಗುವುದಲ್ಲ. ವೋಲ್ಟೇಜ್ ಇಳಿದ ಬಲ್ಬಿನ ಹಾಗೆ ಎಲ್ಲವೂ ಬೂದಿಬಣ್ಣಕ್ಕೆ ತಿರುಗಿ ನಾಲ್ಕೈದು ಸೆಕೆಂಡಿನಲ್ಲಿ ಮರಳುತ್ತಿತ್ತು. ರಾತ್ರಿ ಮಲಗಿದರೆ ಕಿವಿಯಲ್ಲಿ ಭುಸ್ ಭುಸ್ ಎಂಬ ಸದ್ದು. ಪಕ್ಕದ ತೋಟದವರು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಓಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಕೇಳಿದರೆ ಅವರು ಪೈಪನ್ನೇ ಇನ್ನೂ ಹೊರಗೆ ತೆಗೆದಿರಲಿಲ್ಲ. ಆ ಸದ್ದು ನನ್ನದೇ ನಾಡಿಯ ಲಯದಲ್ಲಿತ್ತು.

ಹೊಸ ವರ್ಷದ ಮೊದಲ ವಾರ ಬಸ್ ನಿಲ್ದಾಣದಲ್ಲಿ ಒಂದೇ ಬಸ್ಸು ಅಕ್ಕಪಕ್ಕ ಎರಡಾಗಿ ಕಂಡಿತು. ಅಂದೇ ಬೇರೊಬ್ಬ ಕಣ್ಣಿನ ವೈದ್ಯೆಯ ಬಳಿ ಹೋದೆ. ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ಕಣ್ಣಿನ ಹಿಂಭಾಗ ನೋಡಿದವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಜೊತೆ ಯಾರು ಬಂದಿದ್ದಾರೆ?" ಎರಡೂ ಕಣ್ಣಿನ ನರ ಊದಿಕೊಂಡಿದೆ, ಇಂದೇ ಮೈಸೂರಿಗೆ ಹೋಗಿ ಎಂದು ಪತ್ರ ಬರೆದುಕೊಟ್ಟರು.

ಎಂಆರ್‌ಐನಲ್ಲಿ ಗಡ್ಡೆ ಇಲ್ಲ. ಮೆದುಳಿನ ರಕ್ತನಾಳಗಳ ಸ್ಕ್ಯಾನ್‌ನಲ್ಲಿ ಹೆಪ್ಪುಗಟ್ಟಿದ ರಕ್ತ ಇಲ್ಲ. ಬೆನ್ನಿನಿಂದ ನೀರು ತೆಗೆದು ಅಳೆದಾಗ ಒತ್ತಡ 36 ಸೆಂಟಿಮೀಟರ್. 25ಕ್ಕಿಂತ ಹೆಚ್ಚು ಇರಬಾರದಂತೆ. ಕಾರಣ ಸಿಗದೆ ತಲೆಯೊಳಗೆ ಒತ್ತಡ ಏರುವ ಕಾಯಿಲೆ ಎಂದರು. ಕಡತದಲ್ಲಿ ಐಐಎಚ್ ಎಂದು ಬರೆದಿದ್ದಾರೆ. ಅಸೆಟಜೋಲಮೈಡ್ ಮಾತ್ರೆ ಶುರುವಾಗಿದೆ.

ಈಗ ಮನೆಯಲ್ಲಿ ಗೊಂದಲ. ಪ್ರೆಷರ್ ಎಂದೊಡನೆ ಅತ್ತೆಯವರು ಬಿಪಿ ಎಂದುಕೊಂಡಿದ್ದಾರೆ. ಔಷಧಿ ಅಂಗಡಿಯವರು ಇದು ಗ್ಲಾಕೋಮಾ ಮಾತ್ರೆ, ಅಂದರೆ ಕಣ್ಣಿನ ಪ್ರೆಷರ್ ಎಂದರು. ಬೆರಳ ತುದಿಯೆಲ್ಲ ಜುಮುಗುಡುತ್ತಿದೆ. ನನಗೆ ಗೊತ್ತಾಗಬೇಕಾದದ್ದು ಒಂದೇ: ಹೋದ ದೃಷ್ಟಿ ಮರಳುತ್ತದೆಯೇ?

---

ಕನ್ನಡಕ, ಶನಿವಾರಸಂತೆ
ಜನವರಿ 18, ರಾತ್ರಿ 10.25

ತಂಗಿ, ಹದಿನೇಳು ವರ್ಷದಿಂದ ಕಣ್ಣು ಪರೀಕ್ಷಿಸುವ ಕೆಲಸ ನನ್ನದು. ನಾನು ವೈದ್ಯನಲ್ಲ, ಆದರೆ ಈ ಮೂರು ಪ್ರೆಷರ್‌ಗಳ ಗೊಂದಲವನ್ನು ದಿನವೂ ನೋಡುತ್ತೇನೆ. ರಕ್ತದೊತ್ತಡ ರಕ್ತನಾಳದೊಳಗಿನದು, ತೋಳಿಗೆ ಪಟ್ಟಿ ಕಟ್ಟಿ ಅಳೆಯುತ್ತಾರೆ. ಗ್ಲಾಕೋಮಾದ ಒತ್ತಡ ಕಣ್ಣುಗುಡ್ಡೆಯೊಳಗಿನದು. ನಿಮ್ಮದು ಮೆದುಳನ್ನು ಸುತ್ತುವರಿದ ನೀರಿನ ಒತ್ತಡ. ಬಿಪಿ ಸರಿ ಇದ್ದು, ಕಣ್ಣಿನ ಒತ್ತಡವೂ ಸರಿ ಇದ್ದು, ಇದೊಂದೇ ಏರಿರಬಹುದು.

ವಯಸ್ಕರ ತಲೆ ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿಲೀಟರ್ ತಿಳಿನೀರು ಇರುತ್ತದೆ. ದಿನಕ್ಕೆ ತಯಾರಾಗುವುದು ಮಾತ್ರ ಸುಮಾರು 500 ಮಿಲಿಲೀಟರ್. ಅಂದರೆ ಇರುವ ನೀರು ದಿನಕ್ಕೆ ಮೂರು ಸಲಕ್ಕೂ ಹೆಚ್ಚು ಬದಲಾಗುತ್ತದೆ. ಹಳೆಯದು ಮೆದುಳಿನ ದೊಡ್ಡ ರಕ್ತನಾಳಗಳಿಗೆ ಇಂಗಿ ಹೋಗಬೇಕು. ಆ ಇಂಗುವಿಕೆ ನಿಧಾನವಾದರೆ ನೀರಿಗೆ ಜಾಗವಿಲ್ಲ, ಏಕೆಂದರೆ ಬುರುಡೆ ಹಿಗ್ಗುವುದಿಲ್ಲ.

ಕಣ್ಣಿಗೂ ಅದಕ್ಕೂ ಏನು ಸಂಬಂಧ ಎಂದರೆ, ದೃಷ್ಟಿನರ ನಿಜವಾಗಿ ಮೆದುಳಿನದೇ ಚಾಚು. ಮೆದುಳಿನ ಮೇಲಿನ ಹೊದಿಕೆಯೇ ತೋಳಂಗಿಯ ಹಾಗೆ ಆ ನರವನ್ನೂ ಸುತ್ತಿಕೊಂಡು ಕಣ್ಣುಗುಡ್ಡೆಯವರೆಗೆ ಬರುತ್ತದೆ. ಒಳಗಿನ ನೀರೂ ಅದರ ಜೊತೆ ಬರುತ್ತದೆ. ಒತ್ತಡ ಏರಿದಾಗ ನರದ ಎಳೆಗಳು ಹಿಸುಕಿದಂತಾಗಿ, ಅವುಗಳೊಳಗೆ ಹರಿಯಬೇಕಾದದ್ದು ಕಣ್ಣಿನ ಬಾಗಿಲಲ್ಲೇ ನಿಲ್ಲುತ್ತದೆ. ನರದ ತಲೆ ಊದಿಕೊಳ್ಳುತ್ತದೆ. ಪ್ಯಾಪಿಲೆಡಿಮಾ ಎನ್ನುವುದು ಇದನ್ನೇ. ಬಗ್ಗಿ ಎದ್ದಾಗ ಕವಿಯುವ ಕತ್ತಲೆ, ಊದಿದ ಆ ಜಾಗಕ್ಕೆ ಕ್ಷಣಕಾಲ ರಕ್ತ ಸಾಲದೆ ಹೋಗುವುದರಿಂದ. ಬಸ್ಸು ಎರಡಾಗಿ ಕಂಡದ್ದು ಬೇರೆ ನರದಿಂದ: ಕಣ್ಣನ್ನು ಹೊರಬದಿಗೆ ತಿರುಗಿಸುವ ಆರನೆಯ ನರ ಬುರುಡೆಯ ತಳದಲ್ಲಿ ಬಹಳ ದೂರ ಸಾಗಿ ಬರುವುದರಿಂದ ಒತ್ತಡಕ್ಕೆ ಬೇಗ ಸೋಲುತ್ತದೆ.

ಕೊನೆಯ ಸಾಲನ್ನು ಓದಿದಿರಲ್ಲ, ನನ್ನನ್ನು ಹೆಚ್ಚು ಕಾಡುವುದು ಅದೇ. ಈ ಕಾಯಿಲೆ ನಡುವಿನ ದೃಷ್ಟಿಯನ್ನು ಕೊನೆಯವರೆಗೂ ಉಳಿಸಿಕೊಂಡು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಮೊದಲು ಎಲ್ಲರಿಗೂ ಸಹಜವಾಗಿ ಇರುವ ಕುರುಡು ಬಿಂದು ದೊಡ್ಡದಾಗುತ್ತದೆ, ಆಮೇಲೆ ಮೂಗಿನ ಕಡೆಯ ಕೆಳಮೂಲೆ ಮಸುಕಾಗುತ್ತದೆ. ಫಲಕ ಓದಿಸಿ ಕಳುಹಿಸುವ ನನ್ನಂಥವನಿಗೆ ಅದು ಸಿಗುವುದೇ ಇಲ್ಲ. ಮೇಲಿಂದ ಮೇಲೆ ಕನ್ನಡಕ ಬದಲಾದದ್ದೂ ಒಂದು ಸುಳಿವಾಗಿರಬಹುದು. ಹಿಂದಿನಿಂದ ಒತ್ತಡ ಬಿದ್ದು ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾದರೆ ಪವರ್ ಪ್ಲಸ್ ಕಡೆಗೆ ಸರಿಯುತ್ತದೆ. ನಿಮ್ಮ ಎಂಆರ್‌ಐ ವರದಿಯಲ್ಲಿ ಆ ಮಾತು ಇದೆಯೇ ನೋಡಿ.

ಒಂದೇ ಕೋರಿಕೆ: ಫೀಲ್ಡ್ ಟೆಸ್ಟ್, ಅಂದರೆ ನೇರ ನೋಡುವಾಗ ಸುತ್ತಲಿನ ಅಂಚು ಎಷ್ಟು ಕಾಣುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿದ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಪಾನವಾಗಿಡಿ.

---

ನಿವೃತ್ತ ಸುಬೇದಾರ್, ನಾಪೋಕ್ಲು
ಜನವರಿ 19, ಬೆಳಿಗ್ಗೆ 5.50

ಮಗಳೇ, ಮಾತ್ರೆಯ ಹೆಸರು ಓದಿ ಬರೆಯುತ್ತಿದ್ದೇನೆ. ಅಸೆಟಜೋಲಮೈಡ್ ಎಂದರೆ ನಮ್ಮ ಫೌಜಿನ ಡಯಾಮಾಕ್ಸ್. ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಳಿದವರಿಗೆ ಮೊದಲ ಆರು ದಿನ ಗಾಳಿಗೆ ಒಗ್ಗಿಕೊಳ್ಳಲೆಂದೇ ಮೀಸಲು. ನಮ್ಮ ತಂಡದಲ್ಲೇ ಕೆಲವರಿಗೆ ಈ ಮಾತ್ರೆ ಕೊಟ್ಟಿದ್ದರು. ಬೆರಳು ಜುಮುಗುಡುವುದು, ತುಟಿ ಮರಗಟ್ಟಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಓಡುವುದು ನನಗೂ ಆಗಿತ್ತು. ಸೋಡಾ ಕುಡಿದು ನೋಡಿ, ಗುಳ್ಳೆಯ ಚುರುಕು ಹೋಗಿ ಲೋಹದ ರುಚಿ ಬರುತ್ತದೆ. ಇದಕ್ಕೆ ಹೆದರಿ ಮಾತ್ರೆ ಬಿಡಬೇಡಿ.

ಎತ್ತರದಲ್ಲಿ ಮೆದುಳು ಬಾತುಕೊಂಡ ಒಬ್ಬ ಹುಡುಗನನ್ನು ನೋಡಿದ್ದೇನೆ. ಮೊದಲು ತಲೆನೋವು, ಆಮೇಲೆ ಕುಡಿದವರ ಹಾಗೆ ತೂರಾಟ. ರಾತ್ರಿಯೇ ಅವನನ್ನು ಕೆಳಗಿಳಿಸಿದರು. ಎತ್ತರದಲ್ಲೂ ಕೆಲವರ ಕಣ್ಣಿನ ನರ ಊದಿಕೊಳ್ಳುತ್ತದೆ ಎಂದು ನಮ್ಮ ವೈದ್ಯಾಧಿಕಾರಿ ಹೇಳುತ್ತಿದ್ದರು. ಕೊಡಗಿನಲ್ಲಿ ಮನೆಗೊಬ್ಬ ಸೈನಿಕ ಇದ್ದಾನೆ, ಕೇಳಿದರೆ ಈ ಮಾತ್ರೆ ಗೊತ್ತಿರುವವರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ.

---

ಸಿಸ್ಟರ್, ಕುಶಾಲನಗರ
ಜನವರಿ 19, ಬೆಳಿಗ್ಗೆ 8.15

ಸುಬೇದಾರರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ: ಮಾತ್ರೆ ಒಂದೇ ಆದರೂ ಕೆಲಸ ಬೇರೆ ಬೇರೆ. ಎತ್ತರದಲ್ಲಿ ಅದು ಮೂತ್ರಪಿಂಡದ ಮೂಲಕ ರಕ್ತವನ್ನು ಸ್ವಲ್ಪ ಆಮ್ಲೀಯ ಮಾಡಿ ಉಸಿರಾಟವನ್ನು ಹೆಚ್ಚಿಸುತ್ತದೆ. ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ನೀರನ್ನು ಕಡಿಮೆ ಮಾಡುತ್ತದೆ. ನಿಮ್ಮಲ್ಲಿ ಮೆದುಳಿನ ನೀರಿನ ಉತ್ಪಾದನೆಯನ್ನು ತಗ್ಗಿಸುತ್ತದೆ. ಔಷಧಿ ಅಂಗಡಿಯವರು ಸುಳ್ಳು ಹೇಳಲಿಲ್ಲ, ಮೂರರಲ್ಲಿ ಒಂದನ್ನು ಮಾತ್ರ ಹೇಳಿದರು. ಈ ಕಾಯಿಲೆಗೆ ಕೊಡುವ ಪ್ರಮಾಣ ಫೌಜಿನಲ್ಲಿ ಕೊಡುವುದಕ್ಕಿಂತ ಬಹಳ ಹೆಚ್ಚು. ಪೊಟ್ಯಾಸಿಯಂ ಇಳಿಯಬಹುದು, ಮೂತ್ರಪಿಂಡದಲ್ಲಿ ಕಲ್ಲು ಆಗಬಹುದು, ಆದ್ದರಿಂದ ಹೇಳಿದ ದಿನಕ್ಕೆ ರಕ್ತಪರೀಕ್ಷೆ ತಪ್ಪಿಸಬೇಡಿ.

---

ಏಲಕ್ಕಿಮಲೆ, ಸೋಮವಾರಪೇಟೆ
ಜನವರಿ 19, ಮಧ್ಯಾಹ್ನ 1.05

ಅಕ್ಕ, ಕಣ್ಣಿನ ನರಕ್ಕೆ ವಿಟಮಿನ್ ಎ ಒಳ್ಳೆಯದು. ನಮ್ಮ ತಂದೆಗೆ ಮೀನೆಣ್ಣೆಯ ಗುಳಿಗೆ ತರಿಸಿದ್ದೆವು. ದಿನಕ್ಕೆ ಎರಡು ತೆಗೆದುಕೊಳ್ಳಿ, ಜೊತೆಗೆ ಕ್ಯಾರೆಟ್ ರಸ.

---

ಸಿಸ್ಟರ್, ಕುಶಾಲನಗರ
ಜನವರಿ 19, ಮಧ್ಯಾಹ್ನ 1.20

ದಯವಿಟ್ಟು ಬೇಡ. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ವಿಟಮಿನ್ ಎ ಹೆಚ್ಚಾದರೆ ಅದೇ ತಲೆಯೊಳಗಿನ ಒತ್ತಡವನ್ನು ಏರಿಸುತ್ತದೆ. ಊಟದಲ್ಲಿ ಬರುವ ಸೊಪ್ಪು, ಕ್ಯಾರೆಟ್ಟಿಗೆ ತೊಂದರೆಯಿಲ್ಲ, ಗುಳಿಗೆ ಬೇಡ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಅದೇ ಕುಟುಂಬದ್ದು. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮುಂತಾದ ಆಂಟಿಬಯಾಟಿಕ್ ಗುಳಿಗೆಗಳೂ ಕೆಲವರಲ್ಲಿ ಹೀಗೆ ಮಾಡುತ್ತವೆ. ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ಇಳಿಸುವಾಗಲೂ ಆಗಬಹುದು.

ಗೋಣಿಕೊಪ್ಪದ ತಂಗಿ, ನವೆಂಬರ್‌ಗೆ ಮುಂಚೆ ಬೇರೆ ಯಾವುದಾದರೂ ಔಷಧಿ ಶುರುಮಾಡಿದ್ದಿರಾ? ಚರ್ಮದ್ದು, ಹಾರ್ಮೋನಿನದ್ದು, ಯಾವುದೇ ಆಗಲಿ.

---

ಕಾಫಿಕಣ, ಗೋಣಿಕೊಪ್ಪಲು
ಜನವರಿ 19, ಸಂಜೆ 6.30

ಸಿಸ್ಟರ್, ನಿಮ್ಮ ಪ್ರಶ್ನೆ ಓದಿ ಕೈ ನಡುಗಿತು. ಸೆಪ್ಟೆಂಬರ್‌ನಲ್ಲಿ, ಕೈಲ್‌ಪೊಳ್ದ್ ಹಬ್ಬ ಮುಗಿದ ವಾರವೇ, ಮುಖದ ಮೊಡವೆಗೆ ಗುಳಿಗೆ ಶುರುಮಾಡಿದ್ದೆ. ಡಬ್ಬಿ ತೆಗೆದು ನೋಡಿದೆ: ಡಾಕ್ಸಿಸೈಕ್ಲಿನ್. ನಿನ್ನೆಯವರೆಗೂ ನುಂಗಿದ್ದೇನೆ. ಬೇರೆ ಔಷಧಿ ಏನಾದರೂ ಇದೆಯೇ ಎಂದು ಮೈಸೂರಿನಲ್ಲಿ ಕೇಳಿದ್ದರು, ಇಲ್ಲ ಎಂದಿದ್ದೆ. ಮೊಡವೆಯ ಗುಳಿಗೆ ಔಷಧಿಯ ಲೆಕ್ಕಕ್ಕೆ ಬರುತ್ತದೆ ಎಂದು ಹೊಳೆಯಲೇ ಇಲ್ಲ.

ಈಗಷ್ಟೇ ವೈದ್ಯರಿಗೆ ಫೋನ್ ಮಾಡಿದೆ. ತಕ್ಷಣ ನಿಲ್ಲಿಸಿ, ಮುಂದಿನ ವಾರ ಬನ್ನಿ, ಆದರೆ ಅಸೆಟಜೋಲಮೈಡ್ ಮುಂದುವರಿಸಿ ಎಂದರು.

---

ಬೆಟ್ಟದ ಹಾದಿ, ವಿರಾಜಪೇಟೆ
ಜನವರಿ 19, ರಾತ್ರಿ 8.10

ಗುಳಿಗೆಯ ವಿಷಯ ಇರಲಿ, ನಾನು ಓದಿದ ಮಟ್ಟಿಗೆ ಇದು ತೂಕ ಹೆಚ್ಚಿರುವ ಹೆಂಗಸರ ಕಾಯಿಲೆ. ಬಾಯಿ ಕಟ್ಟಿದರೆ ತಾನಾಗಿ ಹೋಗುತ್ತದೆ. ಮಾತ್ರೆ ಏಕೆ?

---

ಒಂದು ಕಣ್ಣು, ಸಿದ್ದಾಪುರ
ಜನವರಿ 19, ರಾತ್ರಿ 9.35

ವಿರಾಜಪೇಟೆಯವರೇ, ಈ ಮಾತನ್ನು ನನಗೂ ಹೇಳಿದ್ದರು. ಅದಕ್ಕೇ ಇಷ್ಟು ದಿನ ಓದುತ್ತಿದ್ದವಳು ಇವತ್ತು ಬರೆಯುತ್ತಿದ್ದೇನೆ.

ತೂಕಕ್ಕೂ ಇದಕ್ಕೂ ಸಂಬಂಧ ಇರುವುದು ನಿಜ. ಹೆರುವ ವಯಸ್ಸಿನ, ತೂಕ ಹೆಚ್ಚಿರುವ ಹೆಂಗಸರಲ್ಲೇ ಇದು ಹೆಚ್ಚು. ದೇಹದ ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿಸಿದರೂ ಊತ ತಗ್ಗುತ್ತದೆ ಎಂದು ನನ್ನ ವೈದ್ಯರು ಹೇಳಿದ್ದರು. ಆಗ ನಾನು 80 ಕಿಲೋ, ಇಳಿಸಬೇಕಾದದ್ದು ನಾಲ್ಕರಿಂದ ಎಂಟು. ಆದರೆ ಎಂಟು ಕಿಲೋ ಇಳಿಸಲು ತಿಂಗಳುಗಳು ಬೇಕು, ನರಕ್ಕೆ ಅಷ್ಟು ಕಾಲ ಕಾಯುವ ಶಕ್ತಿ ಇಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 165 ರೋಗಿಗಳಿಗೂ ತೂಕ ಇಳಿಸುವ, ಉಪ್ಪು ಕಡಿಮೆ ಇರುವ ಆಹಾರಕ್ರಮ ಕೊಟ್ಟಿದ್ದರು. ಅದರ ಜೊತೆಗೆ ಅಸೆಟಜೋಲಮೈಡ್ ಸಿಕ್ಕವರ ದೃಷ್ಟಿವಲಯ, ಬರೀ ಆಹಾರಕ್ರಮದಲ್ಲಿದ್ದವರಿಗಿಂತ ಹೆಚ್ಚು ಸುಧಾರಿಸಿತು. ಮಾತ್ರೆ ಏಕೆ ಎಂದು ಕೇಳಿದಿರಲ್ಲ, ಇದಕ್ಕೆ.

ನನಗೆ ಬಂದದ್ದು ಒಂಬತ್ತು ವರ್ಷದ ಹಿಂದೆ. ಮೊದಲು ನೋಡಿದ ಒಂದು ಆಸ್ಪತ್ರೆಯ ಕಾಗದದಲ್ಲಿ ಕಾಯಿಲೆಯ ಹೆಸರಿನ ಹಿಂದೆ 'ಬಿನೈನ್' ಎಂದಿತ್ತು. ನಿರುಪದ್ರವಿ ಎಂದರ್ಥ. ನನ್ನ ಗಂಡ ಆ ಪದವನ್ನು ಹುಡುಕಿ ಓದಿ, ಸದ್ಯ, ಕ್ಯಾನ್ಸರ್ ಅಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದರು. 1955ರಲ್ಲಿ ಇಟ್ಟ ಆ ಹೆಸರನ್ನು ವೈದ್ಯರು ಆಮೇಲೆ ಕೈಬಿಟ್ಟದ್ದೇ ಜನ ಕುರುಡರಾಗುತ್ತಿದ್ದರು ಎಂಬ ಕಾರಣಕ್ಕೆ. ನನಗದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಮಳೆಗಾಲ, ರಸ್ತೆ ಕುಸಿದಿತ್ತು, ತಲೆನೋವೂ ಕಡಿಮೆಯಾಗಿತ್ತು. ಎರಡು ತಪಾಸಣೆ ತಪ್ಪಿಸಿದೆ.

ಮೂರನೆಯದಕ್ಕೆ ಹೋದಾಗ ಊತ ಇಳಿದಿತ್ತು. ನಾನು ನಕ್ಕೆ. ವೈದ್ಯರು ನಗಲಿಲ್ಲ. ನರದ ಎಳೆಗಳು ಸತ್ತರೂ ಊತ ಇಳಿಯುತ್ತದೆ, ಊದಲು ಅಲ್ಲಿ ಏನೂ ಉಳಿದಿರುವುದಿಲ್ಲ ಎಂದರು. ಎಡಗಣ್ಣಿನ ನರ ಸುಣ್ಣದಂತೆ ಬೆಳ್ಳಗಾಗಿತ್ತು. ಬಲಗಣ್ಣನ್ನು ಉಳಿಸಲು ದೃಷ್ಟಿನರದ ಹೊದಿಕೆಗೆ ಸಣ್ಣ ಕಿಟಕಿ ಕೊಯ್ದು ನೀರು ಬಸಿಯುವಂತೆ ಶಸ್ತ್ರಚಿಕಿತ್ಸೆ ಮಾಡಿದರು. ಕೆಲವರಿಗೆ ತಲೆಯಿಂದ ಅಥವಾ ಬೆನ್ನಿನಿಂದ ಹೊಟ್ಟೆಗೆ ಶಂಟ್ ಎಂಬ ಕೊಳವೆ ಇಡುತ್ತಾರೆ. ಬಲಗಣ್ಣು ಉಳಿದಿದೆ. ಈ ಅಕ್ಷರಗಳನ್ನು ಅದರಿಂದಲೇ ಬರೆಯುತ್ತಿದ್ದೇನೆ.

ತಂಗಿ, ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದು: ಊತದಿಂದ ಮಸುಕಾದ ದೃಷ್ಟಿ ಬಹಳ ಮಟ್ಟಿಗೆ ಮರಳಬಹುದು, ಸತ್ತ ಎಳೆಯ ದೃಷ್ಟಿ ಮರಳುವುದಿಲ್ಲ. ತಲೆನೋವು ಹೋಯಿತೆಂದು ತಪಾಸಣೆ ಬಿಡಬೇಡಿ. ನೋವು ಮತ್ತು ದೃಷ್ಟಿ ಒಟ್ಟೊಟ್ಟಿಗೆ ನಡೆಯುವುದಿಲ್ಲ.

---

ಬೆಟ್ಟದ ಹಾದಿ, ವಿರಾಜಪೇಟೆ
ಜನವರಿ 19, ರಾತ್ರಿ 10.00

ಕ್ಷಮಿಸಿ ಅಕ್ಕ. ತಿಳಿಯದೆ ಬರೆದೆ.

---

ಮೂರ್ನಾಡಿನ ಅಣ್ಣ
ಜನವರಿ 20, ಬೆಳಿಗ್ಗೆ 7.30

ರಕ್ತನಾಳಗಳ ಸ್ಕ್ಯಾನ್ ಮಾಡಿದರು ಎಂದು ಬರೆದಿದ್ದೀರಿ. ಅದು ಎಷ್ಟು ಮುಖ್ಯ ಎಂಬುದನ್ನು ಎಲ್ಲರೂ ತಿಳಿಯಲಿ ಎಂದು ನನ್ನ ತಂಗಿಯ ಕತೆ ಹೇಳುತ್ತೇನೆ. ಹೆರಿಗೆಯಾಗಿ ಹನ್ನೊಂದನೆಯ ದಿನ ತಲೆನೋವು, ವಾಂತಿ, ಕಣ್ಣು ಮಂಜು. ಬಾಣಂತಿ ವಾಯು ಎಂದು ಮನೆಯಲ್ಲಿ ಕಷಾಯ ಕೊಟ್ಟೆವು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಅವಳಿಗೆ ದಿನಕ್ಕೆ ಎರಡು ಲೋಟದ ಮೇಲೆ ನೀರು ಕೊಡುತ್ತಿರಲಿಲ್ಲ. ಹದಿಮೂರನೆಯ ದಿನ ಅಪಸ್ಮಾರ ಬಂತು.

ಮೆದುಳಿನಿಂದ ರಕ್ತ ಹೊರಹೋಗುವ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಲೆಯೊಳಗಿನ ನೀರು ಇಂಗಿ ಸೇರುವುದು ಅದೇ ನಾಳಕ್ಕಂತೆ, ಆದ್ದರಿಂದ ಒತ್ತಡ ಏರಿ ಕಣ್ಣಿನ ನರವೂ ಊದಿತ್ತು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ, ಮೈಯಲ್ಲಿ ನೀರಿಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು ಎಂದು ವೈದ್ಯರು ವಿವರಿಸಿದರು. ರಕ್ತ ತೆಳುವಾಗಿಸುವ ಔಷಧಿಯಿಂದ ಉಳಿದಳು. ಅಮ್ಮ ಇಂದಿಗೂ ಆ ಎರಡು ಲೋಟದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ.

---

ಪುತ್ತರಿ, ಪೊನ್ನಂಪೇಟೆ
ಜನವರಿ 20, ಬೆಳಿಗ್ಗೆ 11.45

ಸಿಸ್ಟರ್, ಹಂದಿಮಾಂಸ ತಿಂದರೆ ಮೆದುಳಿಗೆ ಹುಳು ಹೋಗಿ ಹೀಗೆ ಒತ್ತಡ ಬರುತ್ತದೆ ಎಂದು ಒಬ್ಬರು ಹೇಳಿದರು. ಪಂದಿಕರಿ ಇಲ್ಲದೆ ನಮ್ಮಲ್ಲಿ ಮದುವೆಯೇ ಇಲ್ಲ. ನಿಜವೇ?

---

ಸಿಸ್ಟರ್, ಕುಶಾಲನಗರ
ಜನವರಿ 20, ಮಧ್ಯಾಹ್ನ 2.10

ಅರ್ಧ ನಿಜ, ಮತ್ತು ಆ ಅರ್ಧದಿಂದಲೇ ಜನ ತಪ್ಪು ದಾರಿ ಹಿಡಿಯುತ್ತಾರೆ. ಸರಿಯಾಗಿ ಬೇಯದ, ಸೋಂಕಿರುವ ಹಂದಿಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮೆದುಳಿಗೆ ಹೋಗುವುದು ಆ ಹುಳುವಲ್ಲ. ಹುಳುವಿರುವ ಮನುಷ್ಯನ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಅವು ತೊಳೆಯದ ಕೈ, ತೋಡಿನ ನೀರು, ಹಸಿಯಾಗಿ ತಿನ್ನುವ ಸೊಪ್ಪಿನ ಮೂಲಕ ಇನ್ನೊಬ್ಬರ ಬಾಯಿ ಸೇರಿದಾಗ ಮರಿಗಳು ರಕ್ತದಲ್ಲಿ ಸಾಗಿ ಮೆದುಳಿನಲ್ಲಿ ಗುಳ್ಳೆ ಕಟ್ಟುತ್ತವೆ. ಹುಟ್ಟಿದಂದಿನಿಂದ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಗಂಟೆಗಟ್ಟಲೆ ಬೆಂದ ಪಂದಿಕರಿಗೆ ಹೆದರುವುದಕ್ಕಿಂತ ಶೌಚಾಲಯ ಮತ್ತು ಸಾಬೂನಿನ ಬಗ್ಗೆ ಯೋಚಿಸಬೇಕು. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಮೊದಲು ಬೇಕಾದದ್ದು ಅದು.

ಇದರಲ್ಲಿ ಅಪಸ್ಮಾರವೇ ಹೆಚ್ಚು. ಗುಳ್ಳೆ ನೀರು ಹರಿಯುವ ದಾರಿಗೆ ಅಡ್ಡ ನಿಂತರೆ ಒತ್ತಡ ಏರುತ್ತದೆ. ಇಂಥವರಿಗೆ ಹುಳುವಿನ ಔಷಧಿ ಕೊಡುವ ಮೊದಲು ಕಣ್ಣಿನ ಹಿಂಭಾಗ ನೋಡಿಸಲೇಬೇಕು, ಏಕೆಂದರೆ ಕಣ್ಣಿನೊಳಗೆ ಗುಳ್ಳೆ ಇದ್ದು ಅದು ಸತ್ತರೆ ಆ ಉರಿಯೂತ ದೃಷ್ಟಿಯನ್ನೇ ತೆಗೆಯಬಹುದು.

---

ಕರಿಮೆಣಸು, ಸುಂಟಿಕೊಪ್ಪ
ಜನವರಿ 20, ಸಂಜೆ 7.00

ಮೆಣಸು ಕೊಯ್ಯುವ ಕಾಲ ಬರುತ್ತಿದೆ, ಇದನ್ನೂ ಬರೆಯುತ್ತೇನೆ. ಏಣಿಯಿಂದ ಬಿದ್ದ ನಮ್ಮ ಕೆಲಸದವರೊಬ್ಬರು ಎದ್ದು, ಮುಖ ತೊಳೆದು, ಚಹಾ ಕುಡಿದರು. ಎರಡು ಗಂಟೆಯ ನಂತರ ಮಾತು ತೊದಲಿತು, ಒಂದು ಕಣ್ಣಿನ ಪಾಪೆ ಅಗಲವಾಗಿತ್ತು. ಬುರುಡೆಯ ಕೆಳಗೆ ರಕ್ತ ಸೋರಿ ಮೆದುಳನ್ನು ಒತ್ತುತ್ತಿತ್ತು. ತಲೆಗೆ ಪೆಟ್ಟು ಬಿದ್ದವರಲ್ಲಿ ಕಣ್ಣಿನ ನರ ಊದಲು ಸಮಯ ಬೇಕು, ಮೊದಲ ಗಂಟೆಗಳಲ್ಲಿ ನೋಡಿದರೆ ಅದು ಸರಿಯಾಗಿಯೇ ಕಾಣಬಹುದು. ಅಲ್ಲಿ ಸ್ಕ್ಯಾನ್ ಬೇಕು, ಕೂಡಲೇ ಬೇಕು.

---

ಮಂಜಿನ ಊರು, ಮಡಿಕೇರಿ
ಜನವರಿ 21, ಬೆಳಿಗ್ಗೆ 9.20

ಊದಿದಂತೆ ಕಂಡದ್ದೆಲ್ಲ ಊತವಲ್ಲ ಎಂಬುದೂ ಇಲ್ಲಿರಲಿ. ನನ್ನ ಮಗಳಿಗೆ 12 ವರ್ಷವಿದ್ದಾಗ ನರ ಊದಿದೆ ಎಂದು ಎಂಆರ್‌ಐವರೆಗೂ ಹೋಯಿತು. ಕೊನೆಗೆ ಕಣ್ಣಿನ ಅಲ್ಟ್ರಾಸೌಂಡ್‌ನಲ್ಲಿ ತಿಳಿಯಿತು, ನರದ ತಲೆಯಲ್ಲಿ ಸುಣ್ಣದ ಕಣಗಳು. ಡ್ರೂಸೆನ್ ಎಂದರು. ಅವಳಿಗೆ ಬೆನ್ನಿನಿಂದ ನೀರು ತೆಗೆಯುವ ಅಗತ್ಯ ಬೀಳಲಿಲ್ಲ. ಆ ಪರೀಕ್ಷೆಯನ್ನು ನೆನೆದು ಮೂರು ರಾತ್ರಿ ನಿದ್ದೆ ಬಂದಿರಲಿಲ್ಲ, ಕಾಲು ಸೋತುಹೋಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ನಿಜವೇ?

---

ಕಾಫಿಕಣ, ಗೋಣಿಕೊಪ್ಪಲು
ಜನವರಿ 21, ಸಂಜೆ 5.15

ನಿಜವಲ್ಲ. ನಾನೂ ಅದೇ ಭಯದಲ್ಲಿ ಸಹಿ ಹಾಕಿದ್ದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಮಗು ಮಲಗಿದ ಹಾಗೆ ಮಂಡಿಯನ್ನು ಎದೆಗೆ ಒತ್ತಿ ಒಂದು ಮಗ್ಗುಲಿಗೆ ಮಲಗಿಸಿದರು. ನೇರ ನಿಂತ ಕೊಳವೆಯಲ್ಲಿ ನೀರು ಏರಿದ್ದನ್ನು ನೋಡಿ ಅಂಕಿ ಓದಿದರು. ಅದಕ್ಕೂ ಮೊದಲು ಸ್ಕ್ಯಾನ್ ಆಗಲೇಬೇಕು, ದೊಡ್ಡ ಗಡ್ಡೆ ಇದ್ದು ನೀರು ತೆಗೆದರೆ ಮೆದುಳು ಕೆಳಕ್ಕೆ ಜಾರುವ ಅಪಾಯವಿದೆ. ಅಂದು ಸಂಜೆ ತಲೆ ಹಗುರವಾಗಿತ್ತು, ಮರುದಿನ ಮತ್ತೆ ಭಾರ. ಗಂಟೆಗೆ 20 ಮಿಲಿಲೀಟರ್ ಹೊಸ ನೀರು ಹುಟ್ಟುವಾಗ ತೆಗೆದದ್ದು ಎಷ್ಟು ಹೊತ್ತು ಖಾಲಿ ಇದ್ದೀತು?

ಶನಿವಾರಸಂತೆಯ ಅಣ್ಣ, ವರದಿಯಲ್ಲಿ ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆ ಎಂದೇ ಇದೆ.

---

ಕಾಫಿಕಣ, ಗೋಣಿಕೊಪ್ಪಲು
ಮಾರ್ಚ್ 15, ರಾತ್ರಿ 8.50

ಎಂಟು ವಾರ ಆಯಿತು. ಮೊಡವೆಯ ಗುಳಿಗೆ ನಿಲ್ಲಿಸಿದ್ದೇನೆ, ಅಸೆಟಜೋಲಮೈಡ್ ನಡೆದಿದೆ. ಮೂರೂವರೆ ಕಿಲೋ ಇಳಿದಿದೆ. ಅತ್ತೆಯವರು ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೇರಿಸಿದ್ದಾರೆ, ಒಣಮೀನು ಮನೆಗೆ ಬರುತ್ತಿಲ್ಲ. ಬಿಪಿ ಅಲ್ಲ ಎಂದು ಈಗ ಅವರೇ ನೆಂಟರಿಗೆ ವಿವರಿಸುತ್ತಾರೆ.

ಮೊನ್ನೆಯ ಫೀಲ್ಡ್ ಟೆಸ್ಟ್‌ನಲ್ಲಿ ಬಲಗಣ್ಣಿನ ಕುರುಡು ಬಿಂದು ಹೆಚ್ಚುಕಡಿಮೆ ಮೊದಲಿನಷ್ಟಕ್ಕೇ ಬಂದಿದೆ. ಎಡಗಣ್ಣಿನಲ್ಲಿ ಮೂಗಿನ ಪಕ್ಕದ ಕೆಳಮೂಲೆಯ ಕಪ್ಪು ಹಾಗೆಯೇ ಇದೆ. ಅದು ಇನ್ನು ಹೋಗದಿರಬಹುದು ಎಂದರು. ಮೆಟ್ಟಿಲು ಇಳಿಯುವಾಗ ತಲೆ ಸ್ವಲ್ಪ ಬಾಗಿಸುವುದನ್ನು ಕಲಿತಿದ್ದೇನೆ. ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟಿದ್ದೇನೆ.

ಕಳೆದ ವಾರ ಹೂಮಳೆ ಬಂತು. ರಾತ್ರಿ ಮಲಗಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನಷ್ಟೇ ಕೇಳಿದೆ. ಬೇರೆ ಸದ್ದು ಇರಲಿಲ್ಲ.

ಮುಂದಿನ ತಪಾಸಣೆ ಏಪ್ರಿಲ್ 9ಕ್ಕೆ. ಹನಿ ಹಾಕಿದ ಮೇಲೆ ಬಿಸಿಲಿನಲ್ಲಿ ಒಬ್ಬಳೇ ಬಸ್ ಹುಡುಕುವುದು ಕಷ್ಟ. ಸಿದ್ದಾಪುರದ ಅಕ್ಕ, ನೀವು ವರ್ಷಕ್ಕೊಮ್ಮೆ ತೋರಿಸಲು ಮೈಸೂರಿಗೇ ಬರುತ್ತೀರಾ?

---

ಒಂದು ಕಣ್ಣು, ಸಿದ್ದಾಪುರ
ಮಾರ್ಚ್ 15, ರಾತ್ರಿ 9.05

ಬರುತ್ತೇನೆ. ನನ್ನದನ್ನೂ 9ಕ್ಕೇ ಹಾಕಿಸುತ್ತೇನೆ. ಗೋಣಿಕೊಪ್ಪಲಿನ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಗೆ ಸಿಗೋಣ, ಹಸಿರು ಕೊಡೆ ಹಿಡಿದಿರುತ್ತೇನೆ. ನನ್ನ ಎಡಬದಿಗೆ ಬಂದು ನಿಲ್ಲಬೇಡಿ, ಕಾಣಿಸುವುದಿಲ್ಲ.